ನಾಳೆ ಮಾಷ್ಟ್ರ ಕಾರು

14 ಡಿಸೆಂಬರ್ 2024, ಶನಿವಾರ ರಾತ್ರಿ
ಸಂತೆಕಟ್ಟೆ, ಉಡುಪಿ

ನಾಳೆ ಬೆಳಿಗ್ಗೆ ಆರೂವರೆಗೆ ಕೊಡವೂರಿನ ಮಾಷ್ಟ್ರ ಮನೆಯಂಗಳದಲ್ಲಿರಬೇಕು. ಹಣ ಪಡೆದು ಮಾಡುವ ಮೊದಲ ಡಿಟೇಲಿಂಗ್ ಕೆಲಸ ಅದು, ಅಂದರೆ ಕಾರನ್ನು ತೊಳೆದು, ಪಾಲಿಶ್ ಮಾಡಿ ಹೊಸದರಂತೆ ಮಾಡುವುದು. ಸಂಜೆಯಿಂದಲೇ ಅಂಗೈ ಬೆವರುತ್ತಿದೆ. ಮಡಚಿಟ್ಟ ಮೈಕ್ರೋಫೈಬರ್ ಬಟ್ಟೆಗಳನ್ನು ಬಿಡಿಸಿ ಮತ್ತೆ ಮಡಚಿದ್ದೇನೆ. ಮುಚ್ಚಳ ಸರಿಯಾಗಿದೆಯೆಂದು ಗೊತ್ತಿದ್ದರೂ ಪಾಲಿಶ್ ಬಾಟಲಿಯನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ್ದೇನೆ. ಊಟ ಗಂಟಲಿನಲ್ಲಿ ಇಳಿಯಲಿಲ್ಲ.

ಕಾರು ಅಚ್ಚ ಕಪ್ಪು. ಬಿಳಿ ಕಾರಿನ ಮೇಲೆ ಕಣ್ಣಿಗೇ ಬೀಳದ ಸಣ್ಣ ಗೀರುಗಳು ಕಪ್ಪಿನ ಮೇಲೆ ಬಿಸಿಲು ಬಿದ್ದ ಕೂಡಲೇ ಎದ್ದು ಕಾಣುತ್ತವೆ, ಅವನ್ನು ತೆಗೆಯಲು ಹೊರಟವನ ಕೈಕೆಲಸವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಗುರುವಾರ ಸಂಜೆ ನೋಡಲು ಹೋಗಿದ್ದಾಗ ಬಾನೆಟ್ಟಿಗೆ ಟಾರ್ಚ್ ಹಿಡಿದರೆ ಬೆಳಕಿನ ಸುತ್ತ ಜೇಡರ ಬಲೆಯಂತೆ ಗೀರುಗಳು. ಮಲ್ಪೆ ಕಡೆಯ ಗಾಳಿಯ ಉಪ್ಪು ಗಾಜಿನ ಮೇಲೆ ಮಬ್ಬಾಗಿ ಕೂತಿತ್ತು. ಬಾಗಿಲುಗಳ ಕೆಳಭಾಗದಲ್ಲಿ ಮುರಕಲ್ಲಿನ ಕೆಂಪು ಧೂಳು, ಅದರ ಮೇಲೆ ಈ ತಿಂಗಳ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆಗೆ ಹಾರಿದ ಕೆಸರು, ರೂಫಿನಲ್ಲಿ ಕಾಗೆಯ ಹಿಕ್ಕೆ ಬಿಸಿಲಿಗೆ ಒಣಗಿ ಕೊರೆದ ಗುರುತುಗಳು. ಇವೆಲ್ಲ ನಾನು ಕಂಡೂ ತೊಳೆದೂ ಗೊತ್ತಿರುವಂಥವೇ. ಭಾವನ ಕಾರನ್ನೂ ಗೆಳೆಯರ ಕಾರುಗಳನ್ನೂ ಇದೇ ಮೆಷಿನಿನಿಂದ, ಇದೇ ಪ್ಯಾಡುಗಳಿಂದ ಪಾಲಿಶ್ ಮಾಡಿದಾಗ ಕೈ ನಡುಗಿರಲಿಲ್ಲ. ಹಾಗಿದ್ದರೆ ಈಗ ಬದಲಾದದ್ದು ಯಾವುದು ಎಂದು ಎರಡು ದಿನಗಳಿಂದ ಯೋಚಿಸುತ್ತಿದ್ದೇನೆ.

ಉತ್ತರದ ಒಂದು ಭಾಗವನ್ನು ಮಾಷ್ಟ್ರೇ ಗುರುವಾರ ಹೇಳಿದ್ದರು. ಎಷ್ಟಾಗುತ್ತದೆ ಎಂದು ಕೇಳಿದಾಗ ನಾನು 3,500 ರೂಪಾಯಿ ಎಂದೆ. ಎಂದ ಮರುಕ್ಷಣವೇ ನಾಲಿಗೆ ಹಿಂಜರಿದು, "ನೀವು ಕೊಡದಿದ್ದರೂ ನಡೆಯುತ್ತದೆ ಮಾಷ್ಟ್ರೇ, ಇದು ನನ್ನ ಮೊದಲ ಕೆಲಸ" ಎಂದು ಸೇರಿಸಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಳ್ಳುತ್ತಾ, ತರಗತಿಯಲ್ಲಿ ಹೇಳುತ್ತಿದ್ದ ಅದೇ ನಿಧಾನದ ದನಿಯಲ್ಲಿ, "ಅದು ಆಗುವುದಿಲ್ಲ ಮಾರಾಯ. ನೀನು ದುಡ್ಡು ತೆಗೆದುಕೊಳ್ಳದಿದ್ದರೆ ಕೆಲಸದಲ್ಲಿ ಹೆಚ್ಚುಕಮ್ಮಿ ಆದರೆ ನಾನು ಹೇಗೆ ಹೇಳುವುದು? ಪುಕ್ಕಟೆ ಮಾಡಿಕೊಟ್ಟವನಿಗೆ ಚಂದ ಆಗಿದೆ ಎಂದಲ್ಲದೆ ಬೇರೆ ಎಂತ ಹೇಳಲಿಕ್ಕೆ ಉಂಟು?" ಎಂದರು.

ಆ ಮಾತು ಆಗ ಮುಖಕ್ಕೆ ಹೊಡೆದಂತಾಯಿತು, ಈಗ ಅದರಲ್ಲಿ ದೊಡ್ಡ ಗೌರವವಿತ್ತು ಎನ್ನಿಸುತ್ತಿದೆ. ಗೆಳೆಯರ ಕಾರು ಮಾಡಿಕೊಟ್ಟಾಗ ಯಾರೂ ಬಗ್ಗಿ ನೋಡಿರಲಿಲ್ಲ. ಹೊಳೆಯುತ್ತಿದೆ ಎಂದು ಬೆನ್ನು ತಟ್ಟಿ, ಚಹಾ ಕುಡಿಸಿ ಕಳಿಸಿದ್ದರು. ಮಾಷ್ಟ್ರು ಬಗ್ಗಿ ನೋಡುತ್ತಾರೆ. ನೋಡುವ ಹಕ್ಕನ್ನು ಅವರು ಹಣ ಕೊಟ್ಟು ಪಡೆಯುತ್ತಿದ್ದಾರೆ, ಅದನ್ನು ಒಪ್ಪಿಕೊಂಡೇ ನಾನು ಹಣ ಪಡೆಯಬೇಕಾಗಿದೆ.

ಇಂದು ಮಧ್ಯಾಹ್ನ ಉದ್ಯಾವರಕ್ಕೆ ಹೋಗಿ ಪೈಂಟರಣ್ಣನ ಎದುರು ಕೂತೆ. ಅಣ್ಣ ಟಿಂಕರಿಂಗ್ ಮುಗಿದ ಒಂದು ಫೆಂಡರನ್ನು ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜುತ್ತಿದ್ದರು. ಹೆದರಿಕೆ ಆಗುತ್ತಿದೆ ಎಂದಾಗ ಅವರು ಸಮಾಧಾನ ಹೇಳಲಿಲ್ಲ. "ಎಂತದ್ದಕ್ಕೆ ಹೆದರಿಕೆ? ಒಂದೊಂದೇ ಬಿಡಿಸಿ ಹೇಳು" ಎಂದರು. ಹೇಳತೊಡಗಿದೆ. ನೀರಿನ ಕಲೆ ಉಳಿದರೆ? "ಮತ್ತೊಮ್ಮೆ ತೊಳೆ." ಬಣ್ಣಕ್ಕೆ ಅಂಟಿದ ಕೊಳೆ ಎಳೆಯುವ ಕ್ಲೇ ಉಂಡೆ ಉಜ್ಜುವಾಗ ಗುರುತು ಬಿದ್ದರೆ? "ನೀನು ಹೇಗೂ ಪಾಲಿಶ್ ಮಾಡುವವನಲ್ವಾ, ಹೋಗ್ತದೆ. ನೆಲಕ್ಕೆ ಬಿದ್ದ ಕ್ಲೇಯನ್ನು ಮಾತ್ರ ಮತ್ತೆ ಮುಟ್ಟಬೇಡ." ಕೊನೆಗೆ ಹೊಳಪು ಕಾಯಲು ಹಚ್ಚುವ ಸೀಲೆಂಟ್ ಪಟ್ಟೆ ಪಟ್ಟೆಯಾದರೆ? "ಒರೆಸಿ ಇನ್ನೊಮ್ಮೆ ಹಚ್ಚು." ಮೆಷಿನಿನಿಂದ ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸವೆದು ಹೋದರೆ? ಆಗ ಅಣ್ಣ ಫೆಂಡರ್ ಕೆಳಗಿಟ್ಟರು. "ಅದು ಹೋದರೆ ಹೋಯಿತು. ಆಮೇಲೆ ಕಾರು ನನ್ನ ಹತ್ತಿರ ಬರಬೇಕು. ಹೆದರುವುದಿದ್ದರೆ ಅದೊಂದಕ್ಕೆ ಹೆದರು, ಉಳಿದದ್ದಕ್ಕೆ ಹೆದರಿ ಕೈ ಸೋಲಿಸಿಕೊಳ್ಳಬೇಡ."

ಬಸ್ಸಿನಲ್ಲಿ ಬರುವಾಗ ಇದನ್ನೇ ತಿರುತಿರುಗಿ ಯೋಚಿಸಿದೆ. ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಪದರಗಳೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವಿರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಕ್ಲಿಯರ್ ಕೋಟಿನ ಪಾಲು ಸುಮಾರು 40–50 ಮೈಕ್ರಾನ್. ಪಾಲಿಶ್ ಎಂದರೆ ಗೀರನ್ನು ತುಂಬಿಸುವ ಕೆಲಸವೆಂದು ಹಲವರು ತಿಳಿದಿದ್ದಾರೆ, ವಾಸ್ತವದಲ್ಲಿ ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸಿ ಗೀರಿನ ಮಟ್ಟಕ್ಕೆ ಇಳಿಸುವುದೇ ಪಾಲಿಶ್. ಆದ್ದರಿಂದ ಎಲ್ಲ ಗೀರನ್ನೂ ತೆಗೆದೇ ತೀರುತ್ತೇನೆಂಬ ಹಟ ಈ ಕೆಲಸಕ್ಕೆ ಹೊಂದುವುದಿಲ್ಲ. ಉಗುರಿಗೆ ತಗಲುವಷ್ಟು ಆಳದ ಗೀರುಗಳನ್ನು ಹಾಗೆಯೇ ಬಿಡುತ್ತೇನೆ, ಬಿಡುತ್ತೇನೆಂದು ಕೆಲಸ ಶುರುಮಾಡುವ ಮೊದಲೇ ಮಾಷ್ಟ್ರಿಗೆ ಒಂದೊಂದನ್ನೂ ತೋರಿಸಿ ಹೇಳುತ್ತೇನೆ. ಹೆಚ್ಚು ಸವೆಸುವ ಒರಟು ಪಾಲಿಶ್, ಕಾಂಪೌಂಡ್, ಮನೆಯಲ್ಲೇ ಇರಲಿ. ಮೆತ್ತನೆಯ ಫೋಮ್ ಪ್ಯಾಡು, ಫಿನಿಶಿಂಗ್ ಪಾಲಿಶ್, ಬಾನೆಟ್ಟಿನ ಮೂಲೆಯಲ್ಲಿ ಟೇಪಿನಿಂದ ಗುರುತಿಸಿದ ಒಂದು ಸಣ್ಣ ಚೌಕದಲ್ಲಿ ಮೊದಲ ಪರೀಕ್ಷೆ. ಅಷ್ಟರಲ್ಲೇ ಸಾಕಷ್ಟು ಹೊಳಪು ಬಂದರೆ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಬಾನೆಟ್ಟಿನ ಏಣು, ಬಾಗಿಲ ಅಂಚು ಇಂಥ ಕಡೆ ಬಣ್ಣ ತೆಳುವಾಗಿರುವುದರಿಂದ ಅಲ್ಲೆಲ್ಲ ಟೇಪ್ ಹಚ್ಚಿಯೇ ಮೆಷಿನ್ ಮುಟ್ಟುವುದು.

ಎಡ ಹಿಂಬಾಗಿಲಿನ ವಿಷಯ ಬೇರೆ. ಗುರುವಾರ ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟು ನೋಡುವಾಗ ಉಳಿದೆಡೆಯೆಲ್ಲ 110 ಮೈಕ್ರಾನಿನ ಆಸುಪಾಸು ತೋರಿಸಿದ್ದು ಆ ಬಾಗಿಲಿಗೆ ಬಂದೊಡನೆ 260 ದಾಟಿತು. ಕೇಳಿದಾಗ, ಹಿಂದೊಮ್ಮೆ ಗೇಟಿಗೆ ತಗಲಿ ಬಣ್ಣ ಹೊಡೆಸಿದ್ದು ಹೌದೆಂದು ಮಾಷ್ಟ್ರು ಒಪ್ಪಿದರು. ಇದನ್ನು ಹೇಳಿದಾಗ ಅಣ್ಣ ವಿವರಿಸಿದರು: ಕಾರ್ಖಾನೆಯಲ್ಲಿ ಬಣ್ಣ ಸುಮಾರು 140 ಡಿಗ್ರಿಯ ಶಾಖದಲ್ಲಿ ಬೇಯುತ್ತದೆ, ವರ್ಕ್‌ಶಾಪಿನಲ್ಲಿ ಹಾರ್ಡನರ್ ಬೆರೆಸಿ ಹೊಡೆದದ್ದಕ್ಕೆ ಬಿಸಿ ಮಾಡುವ ಬೂತ್ ಇದ್ದರೆ 60 ಡಿಗ್ರಿ, ಇಲ್ಲದಿದ್ದರೆ ಹೊರಗಿನ ಗಾಳಿಯೇ ಗತಿ. ಹಾಗಾಗಿ ಅದು ಮೆದುವಾಗಿರಬಹುದು, ಬಾನೆಟ್ಟಿನಲ್ಲಿ ಒಪ್ಪಿದ ಪ್ಯಾಡು ಅಲ್ಲಿ ಮಬ್ಬು ಬಿಡಬಹುದು. ದಪ್ಪ ಹೆಚ್ಚಿದೆಯೆಂದು ನಂಬಿ ಒತ್ತಬಾರದು, ಆ ಬಾಗಿಲಿಗೆ ಬೇರೆಯೇ ಪರೀಕ್ಷಾ ಚೌಕ ಬೇಕು.

ಕೈಯ ನಡುಕಕ್ಕೂ ಅಣ್ಣ ಒಂದು ದಾರಿ ಹೇಳಿದ್ದಾರೆ. ಚಕ್ರಗಳಿಂದ ಶುರುಮಾಡಬೇಕು. ತೊಳೆಯುವ ಕ್ರಮದಲ್ಲಿ ಹೇಗೂ ಮೊದಲು ಬರುವುದು ಅವೇ. ಬ್ರಷ್ಷು, ನೀರು, ಶಾಂಪೂ ಹಿಡಿದು ಅರ್ಧ ಗಂಟೆ ದುಡಿಯುವಷ್ಟರಲ್ಲಿ ಉಸಿರು ಹದಕ್ಕೆ ಬರುತ್ತದೆ, ಬೆರಳುಗಳು ತಮ್ಮ ಕೆಲಸ ಕಂಡುಕೊಳ್ಳುತ್ತವೆ. ಬ್ರೇಕಿನ ಧೂಳಿನ ಮೇಲೆ ಐರನ್ ರಿಮೂವರ್ ಸಿಂಪಡಿಸಿದಾಗ ಕಬ್ಬಿಣದ ಕಣಗಳ ಜೊತೆ ಸೇರಿ ಅದು ನೇರಳೆ ಬಣ್ಣಕ್ಕೆ ತಿರುಗಿ ಸೋರುತ್ತದೆ. ಬಣ್ಣವೇ ಕರಗಿತೋ ಎಂದು ಮಾಷ್ಟ್ರು ಗಾಬರಿಯಾಗದಂತೆ ಅದನ್ನೂ ಮೊದಲೇ ಹೇಳಬೇಕು. ಅವರ ಬಾವಿಯ ನೀರಿನಲ್ಲಿ ಉಪ್ಪಿನಂಶವಿದೆ, ಒಣಗಿದರೆ ಕಪ್ಪಿನ ಮೇಲೆ ಬಿಳಿ ಚುಕ್ಕೆಗಳು. ಬಜೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರನ್ನು ರಾತ್ರಿಯೇ ಡ್ರಮ್ಮಿನಲ್ಲಿ ತುಂಬಿಸಿಡಲು ಕೇಳಿಕೊಂಡಿದ್ದೇನೆ. ಹತ್ತು ಗಂಟೆಯ ಬಳಿಕ ಅಂಗಳಕ್ಕೆ ಬಿಸಿಲು, ಅಷ್ಟರೊಳಗೆ ಕಾರು ಚಪ್ಪರದಡಿ ಸೇರಿರಬೇಕು.

ಸ್ವಲ್ಪ ಹೊತ್ತಿನ ಮೊದಲು ಗುಜರಿಯಿಂದ ತಂದಿಟ್ಟ ಹಳೆಯ ಬಾನೆಟ್ಟಿನ ಮೇಲೆ ಮೆಷಿನ್ ಓಡಿಸಿದೆ. ಬೆಲ್ಟ್ ಬಿಚ್ಚಿ, ಉಂಗುರ ತೆಗೆದು, ವಯರನ್ನು ಹೆಗಲ ಮೇಲಿಂದ ಬೆನ್ನಿಗೆ ಇಳಿಬಿಟ್ಟು, ಪ್ಯಾಡನ್ನು ಬಣ್ಣಕ್ಕೆ ತಾಗಿಸಿದ ಮೇಲಷ್ಟೇ ಗುಂಡಿ ಒತ್ತಿದೆ. ಮೊದಲ ಸುತ್ತಿನಲ್ಲಿ ಮುಷ್ಟಿ ಬಿಗಿಯಾಗಿಯೇ ಇತ್ತು. ಪ್ಯಾಡಿನ ಹಿಂಬದಿಯಲ್ಲಿ ಎಳೆದ ಕಪ್ಪು ಗೀಟು ನಿಧಾನವಾಗಿ ತಿರುಗುತ್ತಿರುವುದನ್ನೇ ದಿಟ್ಟಿಸುತ್ತಾ ಕೈ ಸಾಗಿಸಿದೆ: ಗೀಟು ತಿರುಗುತ್ತಿದ್ದರೆ ಒತ್ತಡ ಸರಿ, ನಿಂತರೆ ಹೆಚ್ಚು. ನೋಡನೋಡುತ್ತ ಮುಷ್ಟಿ ತಾನಾಗಿ ಸಡಿಲವಾಯಿತು. ಕಣ್ಣಿಗೆ ಒಂದು ಖಚಿತವಾದ ಕೆಲಸ ಕೊಟ್ಟರೆ ಭಯಕ್ಕೆ ಜಾಗ ಕಡಿಮೆಯಾಗುತ್ತದೆ ಎಂಬುದನ್ನು ನಾಳೆಯೂ ನೆನಪಿಡಬೇಕು.

ಇನ್ನೂ ಬಗೆಹರಿಯದ್ದು ಒಂದಿದೆ. ಆ ಗೀರುಗಳು ಎಲ್ಲಿಂದ ಬಂದವೆಂದು ನನಗೆ ಗೊತ್ತು. ಮಾಷ್ಟ್ರು ದಿನಾ ಬೆಳಿಗ್ಗೆ ವಾಕಿಂಗಿನಿಂದ ಬಂದು, ದುಬೈಯಲ್ಲಿರುವ ಮಗ ತೆಗೆದುಕೊಟ್ಟ ಈ ಕಾರನ್ನು ಹಳೆಯ ಬನಿಯನ್ ಬಟ್ಟೆಯಿಂದ ಒಣಗಿದ ಧೂಳಿನ ಮೇಲೆಯೇ ದುಂಡಗೆ ಒರೆಸುತ್ತಾರೆ. ಪ್ರೀತಿಯಿಂದಲೇ ಒರೆಸುತ್ತಾರೆ. ಆ ಧೂಳೇ ಮರಳುಕಾಗದದ ಕೆಲಸ ಮಾಡಿದೆ ಎಂದು ಹೇಳದಿದ್ದರೆ ನಾಳಿನ ಶ್ರಮವೆಲ್ಲ ಒಂದೆರಡು ತಿಂಗಳಲ್ಲಿ ಮಣ್ಣುಪಾಲು, ಅವರು ಕೊಟ್ಟ ಹಣವೂ ಹಾಗೆಯೇ. ಕೆಲಸ ಶುರುಮಾಡುವ ಮೊದಲೇ ಹೇಳಿದರೆ ಅಷ್ಟು ಹೊತ್ತೂ ಅವರು ಕುರ್ಚಿಯಲ್ಲಿ ನೊಂದುಕೊಂಡು ಕೂತಿರುತ್ತಾರೆ. ಮುಗಿದ ಮೇಲೆ ಹೇಳಿದರೆ ಹಣ ಪಡೆದು ಬುದ್ಧಿ ಹೇಳಿದಂತಾದೀತು. ಒಂದು ಒಳ್ಳೆಯ ಬಟ್ಟೆಯನ್ನೂ ಒಂದು ಬಾಟಲಿ ವಾಟರ್‌ಲೆಸ್ ವಾಷನ್ನೂ (ನೀರಿಲ್ಲದೆ ಸಿಂಪಡಿಸಿ ಒರೆಸುವ ದ್ರಾವಣ) ಕೈಗಿಟ್ಟು, ಇನ್ನು ಮುಂದೆ ಇದರಿಂದ ಒರೆಸಿ ಮಾಷ್ಟ್ರೇ ಎಂದಷ್ಟೇ ಹೇಳೋಣವೆಂದರೆ, ಅವರು ಕಾರಣ ಕೇಳದೆ ಬಿಡುವವರಲ್ಲ, ಕೇಳಿದ ಮೇಲೆ…