ರೆಕಾರ್ಡ್ ಪುಸ್ತಕದ ಕೊನೆಯ ಪುಟ

ಕಾಲೇಜಿನ ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂತ ಫೋನು ಬಂದ ದಿನವೇ ಊರಿಗೆ ಹೋಗಿ ಅಟ್ಟದ ಮೇಲಿದ್ದ ಟ್ರಂಕು ಇಳಿಸಿದೆ. ಅದರಲ್ಲಿ ನನ್ನ ಮೊದಲ ವರ್ಷದ ಕೆಮಿಸ್ಟ್ರಿ ರೆಕಾರ್ಡ್ ಇದೆ. ರಟ್ಟು ಸವೆದಿದೆ, ಎರಡು ಕಡೆ ಆಸಿಡ್ ಬಿದ್ದು ತೂತಾಗಿದೆ. ಅದರ ಕೊನೆಯ ಪುಟದಲ್ಲಿ ನಾಲ್ಕು ಸಾಲುಗಳಿವೆ. ಆ ನಾಲ್ಕು ಸಾಲುಗಳ ಬಗ್ಗೆ ಬರೆಯುತ್ತೇನೆ.

ನಾನು ಬಿ.ಎಸ್ಸಿ.ಗೆ ಸೇರಿದ್ದು 2001ರಲ್ಲಿ. ಪಾಂಡವಪುರದ ಹತ್ತಿರದ ಹಳ್ಳಿ ನಮ್ಮದು. ಬೆಳಿಗ್ಗೆ ಸ್ಟೇಷನ್ನಿಗೆ ಬಂದು ಪ್ಯಾಸೆಂಜರ್ ಹಿಡಿದರೆ ಶ್ರೀರಂಗಪಟ್ಟಣ, ನಾಗನಹಳ್ಳಿ, ಆಮೇಲೆ ಮೈಸೂರು. ಆಗ ಇದ್ದದ್ದು ಒಂದೇ ಹಳಿ. ಎದುರಿನಿಂದ ಇನ್ನೊಂದು ಗಾಡಿ ಬರುವುದಿದ್ದರೆ ನಾಗನಹಳ್ಳಿಯಲ್ಲಿ ಕಾಯಲೇಬೇಕು. ಸೊಪ್ಪಿನ ಗಂಟು, ಹೂವಿನ ಪುಟ್ಟಿ ಇಟ್ಟುಕೊಂಡ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂರುತ್ತಿದ್ದೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ. ಪಿ.ಯು.ಸಿ.ಯ ಎರಡು ವರ್ಷ ಇಂಗ್ಲಿಷ್ ಪಾಠಗಳನ್ನು ಅರ್ಥವಾಗದೆ ಬಾಯಿಪಾಠ ಮಾಡಿ ಪಾಸಾಗಿದ್ದೆ.

ಒಂದು ದಿನ ಲ್ಯಾಬಿನಲ್ಲಿ ನಮ್ಮ ಕೆಮಿಸ್ಟ್ರಿ ಮೇಡಂ ಎಲ್ಲರನ್ನೂ ಕೇಳುತ್ತಾ ಬಂದರು, ಮುಂದೆ ಏನಾಗಬೇಕು ಅಂತ. ನಾನು "ಸೈಂಟಿಸ್ಟ್ ಆಗ್ತೀನಿ ಮೇಡಂ" ಅಂದೆ.

"ಯಾವ ಸೈಂಟಿಸ್ಟು? ಎಲ್ಲಿ ಕೆಲಸ ಮಾಡ್ತೀಯಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಅವರು ಬೇರೆ ಕಡೆಯಿಂದ ಕೇಳಿದರು. ಮನೆಯಲ್ಲಿ ಏನು ಮಾಡುತ್ತಾರೆ, ಏನು ನೋಡಿ ಬೆಳೆದೆ, ಯಾವುದನ್ನು ನೋಡಿದರೆ "ಇದು ಯಾಕೆ ಹೀಗೆ" ಅನ್ನಿಸುತ್ತೆ? ಆಗ ಬಾಯಿ ಬಂತು. ಅಪ್ಪನದು ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣದ ತಿಳಿ ಹಾಕುತ್ತಾರೆ, ಕೊಳೆ ಮೇಲೆ ಬರುತ್ತದೆ. ಹಳಬರು ಬೆಂಡೆಗಿಡದ ಲೋಳೆ ಹಾಕುತ್ತಿದ್ದರಂತೆ. ಈಗ ಹೈಡ್ರೋಸ್ ಅನ್ನುವ ಬಿಳಿ ಪುಡಿ ಹಾಕಿದರೆ ಕಂದು ಪಾಕ ಕಣ್ಣೆದುರೇ ಹಳದಿಯಾಗುತ್ತದೆ. ಆದರೆ ಆ ಬೆಲ್ಲ ಕೆಲವು ತಿಂಗಳು ಇಟ್ಟರೆ ಮತ್ತೆ ಕಪ್ಪಾಗುತ್ತದೆ. ಅದು ಯಾಕೆ ಮೇಡಂ ಅಂತ ಕೇಳಿದೆ.

ಮೇಡಂ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಅದು ಬಣ್ಣವನ್ನು ತೊಳೆದು ಹಾಕುವುದಿಲ್ಲ, ಬಣ್ಣದ ವಸ್ತುವನ್ನು ಬದಲಾಯಿಸುತ್ತದೆ ಅಷ್ಟೇ, ಗಾಳಿ ತಾಗುತ್ತಾ ತಾಗುತ್ತಾ ಮತ್ತೆ ಬಣ್ಣ ಬರುತ್ತದೆ ಅಂತ ವಿವರಿಸಿದರು. ಆಮೇಲೆ, "ನೀನು ಮೈಸೂರಲ್ಲಿ ಇಳಿಯೋ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದಲ್ಲಿ ಇದನ್ನೇ ಓದಿಸೋ ಜಾಗ ಇದೆಯಲ್ಲಮ್ಮಾ, ನೋಡಿಲ್ವಾ?" ಅಂದರು.

ಸಿ.ಎಫ್.ಟಿ.ಆರ್.ಐ. ಅದು. ನಾಲ್ವಡಿಯವರು ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ. ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೆ. ಅದು ಅರಮನೆ ಅಂತಲೇ ತಿಳಿದಿದ್ದೆ! ಅಲ್ಲಿ ಫುಡ್ ಟೆಕ್ನಾಲಜಿ ಎಂ.ಎಸ್ಸಿ. ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು, ದೇಶದ ಎಲ್ಲ ಕಡೆಯಿಂದ ಹುಡುಗರು ಬರುತ್ತಾರೆ, ಸೀಟು ಕಡಿಮೆ ಅಂತ ಮೇಡಂ ಹೇಳಿದರು. ಸಾರ್ವಜನಿಕರನ್ನು ಒಳಗೆ ಬಿಡುವ ದಿನ ಹೋಗಿ ನೋಡಿಕೊಂಡು ಬಂದೆ. ಬಿಳಿ ಕೋಟು ಹಾಕಿಕೊಂಡ ಒಬ್ಬ ಅಕ್ಕ ಹಿಟ್ಟಿನ ತೇವಾಂಶ ಅಳೆಯುವುದನ್ನು ತೋರಿಸಿದರು. ಅವರ ಮಾತಿನಲ್ಲಿ ಮಂಡ್ಯದ ಕನ್ನಡ ಇತ್ತು. ಅದೊಂದೇ ನನಗೆ ಸಾಕಾಯಿತು. ಈಗ ಓದುತ್ತಿರುವವರಿಗೂ ನಾನು ಇದನ್ನೇ ಹೇಳುತ್ತೇನೆ. ಎಲ್ಲಿಗೆ ಸೇರಬೇಕು ಅಂತ ಆಸೆಯೋ ಆ ಜಾಗಕ್ಕೆ ಒಂದು ಸಲ ಹೋಗಿ ಬನ್ನಿ. ಅಲ್ಲಿ ನಿಮ್ಮಂಥವರು ಒಬ್ಬರಾದರೂ ಕಣ್ಣಿಗೆ ಬೀಳುತ್ತಾರೆ.

ಮರುದಿನ ಮೇಡಂ ನನ್ನ ರೆಕಾರ್ಡಿನ ಕೊನೆಯ ಪುಟ ತೆಗೆಸಿದರು. ಏನು ಬೇಕೋ ಬರಿ, ಪಕ್ಕದಲ್ಲಿ ತಾರೀಕು ಹಾಕು ಅಂದರು. ನಾನು ಬರೆದದ್ದು ಇಷ್ಟು. ಸಿ.ಎಫ್.ಟಿ.ಆರ್.ಐ. ಸೀಟು, 2004. ಕ್ಲಾಸಿನಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳುವುದು, ಈ ತಿಂಗಳು. ಡಿಕ್ಷನರಿ ಇಲ್ಲದೆ ಇಂಗ್ಲಿಷ್ ಪೇಪರ್ ಓದುವುದು, ಎರಡನೇ ವರ್ಷದೊಳಗೆ. ಅಪ್ಪನ ಆಲೆಮನೆಯಲ್ಲಿ ಹೈಡ್ರೋಸ್ ಹಾಕದ ಬೆಲ್ಲ.

"ಕೊನೇದಕ್ಕೆ ತಾರೀಕು?"

"ಅಪ್ಪನ್ನ ಕೇಳ್ಬೇಕು ಮೇಡಂ."

ಅವರು ನಗಲಿಲ್ಲ. "ಸರಿ, ಖಾಲಿ ಇರಲಿ" ಅಂದರು.

ಅಲ್ಲಿಂದ ಮೂರು ವರ್ಷ, ಶನಿವಾರ ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಈ ವಾರ ಏನು ಮಾಡಿದೆ? ಬರೋ ವಾರ ಏನು ಮಾಡ್ತೀಯಾ? ಎರಡನ್ನೂ ವಾರವಾರ ಪಟ್ಟಿ ಮಾಡಿ ಬರೆದುಕೊಂಡು ಹೋಗುತ್ತಿದ್ದೆ. ಸೀಟಿನ ಮಾತನ್ನು ಅವರು ಎತ್ತುತ್ತಲೇ ಇರಲಿಲ್ಲ. ಹೋದ ವಾರ ಹೇಳಿದ್ದನ್ನು ಮಾಡಿಲ್ಲ ಅಂದರೆ ಬೈಯುತ್ತಿರಲಿಲ್ಲ, ಯಾವ ದಿನ ಯಾವ ಹೊತ್ತಿನಲ್ಲಿ ತಪ್ಪಿತು ಅಂತ ಕೇಳುತ್ತಿದ್ದರು. ಹೀಗೆ ಕೇಳಿಸಿಕೊಂಡು ಕೇಳಿಸಿಕೊಂಡೇ ನನಗೆ ಗೊತ್ತಾದದ್ದು, ಮನೆಯಲ್ಲಿ ರಾತ್ರಿ ಓದುತ್ತೇನೆ ಅಂದುಕೊಂಡದ್ದು ಒಂದು ವಾರವೂ ನಡೆದಿಲ್ಲ ಅಂತ. ಹಾಲು ಕರೆಯುವುದು, ಅಡುಗೆ, ಕರೆಂಟು ಇಲ್ಲದಿರುವುದು. ನಡೆಯುತ್ತಿದ್ದದ್ದು ರೈಲಿನ ಓದು ಮಾತ್ರ. ಆಮೇಲೆ ಎಲ್ಲವನ್ನೂ ರೈಲಿಗೆ ಹೊಂದಿಸಿದೆ. ಸಂಜೆ ಮೈಸೂರು ಸ್ಟೇಷನ್ನಿನಲ್ಲಿ 'ಸ್ಟಾರ್ ಆಫ್ ಮೈಸೂರ್' ಅನ್ನುವ ಇಂಗ್ಲಿಷ್ ಸಂಜೆ ಪೇಪರ್ ಕೊಂಡು, ಗೊತ್ತಿಲ್ಲದ ಪದಗಳಿಗೆ ಅಡಿಗೆರೆ ಹಾಕುತ್ತಾ ಹೋಗುತ್ತಿದ್ದೆ. ಊರಿನ ಸುದ್ದಿ ಆದ್ದರಿಂದ ಅರ್ಧ ಗೊತ್ತೇ ಇರುತ್ತಿತ್ತು, ಪದದ ಅರ್ಥ ತಾನಾಗಿ ಹೊಳೆಯುತ್ತಿತ್ತು. ಮೊದಲ ತಿಂಗಳು ಒಂದು ಪುಟಕ್ಕೆ ಮೂವತ್ತು ನಲವತ್ತು ಅಡಿಗೆರೆ. ಎರಡನೇ ವರ್ಷದ ಹೊತ್ತಿಗೆ ಐದಾರು.

ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದಕ್ಕೆ ಮಾತ್ರ ಒಂದು ತಿಂಗಳು ಅಂದದ್ದು ಐದು ತಿಂಗಳಾಯಿತು. ಕೇಳಿದ ದಿನ ಕಾಲು ನಡುಗಿ ಬೆಂಚು ಹಿಡಿದುಕೊಂಡಿದ್ದೆ. ಪ್ರಶ್ನೆ ಏನು ಅಂತ ಈಗ ನೆನಪಿಲ್ಲ.

2002 ಕಷ್ಟದ ವರ್ಷ. ಮಳೆ ಕೈಕೊಟ್ಟಿತು, ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕಾವೇರಿ ಗಲಾಟೆ. ಮಂಡ್ಯ ಸೀಮೆಯಲ್ಲಿ ಬಸ್ಸು ರೈಲು ಎಲ್ಲ ನಿಂತವು. ನನ್ನ ಕ್ಲಾಸು, ಲ್ಯಾಬು ತಪ್ಪಿದವು. ಅದಕ್ಕಿಂತ ದೊಡ್ಡದು ಮನೆಯ ಸ್ಥಿತಿ. ನಾಲೆಯಲ್ಲಿ ನೀರಿಲ್ಲ, ಕಬ್ಬು ಒಣಗಿತು, ಆಲೆಮನೆಯ ಒಲೆ ಹಚ್ಚಲಿಲ್ಲ. ಅಪ್ಪ ಖಾಲಿ ಕೊಪ್ಪರಿಗೆಯ ಪಕ್ಕ ಸುಮ್ನೆ ಕೂತಿರುತ್ತಿದ್ದರು. ಇಂಥ ಹೊತ್ತಿನಲ್ಲಿ ನನ್ನ ಸೀಟು, ನನ್ನ ತಾರೀಕು ಅಂತ ಯೋಚಿಸುವುದೇ ತಪ್ಪು ಅನ್ನಿಸಿತು. ಕಾಲೇಜಿಗೆ ವಾಪಸು ಬಂದ ಶನಿವಾರ ಬಿಟ್ಟುಬಿಡುತ್ತೇನೆ ಅಂತ ಹೇಳಿದೆ. ಮೇಡಂ ಸಮಾಧಾನದ ಮಾತು ಆಡಲಿಲ್ಲ. ಪೆನ್ನು ಕೊಟ್ಟು, "ಪಟ್ಟಿಯಲ್ಲಿ ಈ ತಿಂಗಳು ಅಂತ ಇರೋದನ್ನೆಲ್ಲ ಡಿಸೆಂಬರ್ ಮಾಡು" ಅಂದರು. ಆ ತಿದ್ದುಗಳು ಪಟ್ಟಿಯಲ್ಲಿ ಈಗಲೂ ಇವೆ.

2004ರಲ್ಲಿ ಪರೀಕ್ಷೆ ಬರೆದೆ. ಸೀಟು ಸಿಗಲಿಲ್ಲ.

ಎರಡು ದಿನ ಅತ್ತೆ. ಮೂರನೇ ದಿನ ನನ್ನ ವಾರದ ಪಟ್ಟಿಗಳನ್ನೆಲ್ಲ ಹರಡಿಕೊಂಡು ಕೂತೆ. ಮೂರು ವರ್ಷದಲ್ಲಿ ಕೆಮಿಸ್ಟ್ರಿ ನೂರಾರು ಸಲ ಬಂದಿತ್ತು. ಲೆಕ್ಕ ಬಂದದ್ದು ಹತ್ತು ಹನ್ನೆರಡು ಸಲ. ಪರೀಕ್ಷೆಯಲ್ಲಿ ನನಗೆ ಕೈಕೊಟ್ಟದ್ದೂ ಲೆಕ್ಕವೇ. ಅಂದರೆ ನಾನು ಪ್ರತಿ ವಾರ ಬರೆದುಕೊಂಡದ್ದು ನನಗೆ ಆಗಲೇ ಬರುತ್ತಿದ್ದ ಕೆಲಸಗಳನ್ನು. ಟಿಕ್ ಹಾಕುವಾಗ ಖುಷಿಯಾಗುತ್ತಿತ್ತು, ಅದಕ್ಕೇ. ಗುರಿ ಇಟ್ಟುಕೊಂಡು ಶ್ರದ್ಧೆಯಿಂದ ಓದುವ ಮಕ್ಕಳಲ್ಲೂ ಈ ತಪ್ಪನ್ನು ನಾನು ಆಮೇಲೆ ಬಹಳ ನೋಡಿದ್ದೇನೆ. ಸೋಮಾರಿತನವಾದರೆ ಬೇಗ ಕಣ್ಣಿಗೆ ಬೀಳುತ್ತದೆ. ಇದು ಬೀಳುವುದಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಮದುವೆಯ ಮಾತು ಶುರುವಾಗಿತ್ತು. ಅಪ್ಪನ ಹತ್ತಿರ ಹೋಗಿ ಒಂದು ವರ್ಷ ಕೊಡಿ ಅಂತ ಕೇಳಿದೆ. ಸುಮ್ನೆ ಕೂರಲ್ಲ, ಕೆಲಸ ಮಾಡ್ತೀನಿ, ಯಾವ ತಿಂಗಳು ಏನು ಅಂತ ಎಲ್ಲ ಬರೆದಿಟ್ಟಿದ್ದೀನಿ ಅಂತ ಹಾಳೆ ಕೊಟ್ಟೆ. ಅವರು ಅದನ್ನು ತುಂಬಾ ಹೊತ್ತು ನೋಡಿದರು. "ಒಂದ್ ವರ್ಷ ಕಣವ್ವ. ಆಮೇಲೆ ನಾನ್ ಹೇಳ್ದಂಗೆ ಕೇಳ್ಬೇಕು" ಅಂದರು. ಒಪ್ಪಿದೆ. ಹಾಳೆ ಇಲ್ಲದೆ ಹೋಗಿದ್ದರೆ ಅವರು ಒಪ್ಪುತ್ತಿದ್ದರು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ.

ಆ ವರ್ಷ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ದಿನಗೂಲಿಯ ಮೇಲೆ ಕಬ್ಬಿನ ಹಾಲಿನ ಬ್ರಿಕ್ಸ್, ಅಂದರೆ ಅದರಲ್ಲಿ ಎಷ್ಟು ಸಕ್ಕರೆ ಕರಗಿದೆ ಅನ್ನುವುದನ್ನು ಅಳೆಯುತ್ತಿದ್ದೆ. ಸಂಜೆ ಲೆಕ್ಕ. ದಿನಾ ಲೆಕ್ಕ, ಬೇರೇನಿಲ್ಲ. 2005ರಲ್ಲಿ ಸೀಟು ಸಿಕ್ಕಿತು. ಅದೇ ವರ್ಷ ಕಟ್ಟೆಯೂ ತುಂಬಿತು. ನಮ್ಮ ಮನೆಯಲ್ಲಿ ಎರಡನ್ನೂ ಒಟ್ಟಿಗೇ ನೆನೆಸಿಕೊಳ್ಳುತ್ತಾರೆ.

ನನ್ನ ಜೊತೆ ರೈಲಿನಲ್ಲಿ ಬರುತ್ತಿದ್ದ ಗೆಳತಿಯ ಮಾತು ಹೇಳದಿದ್ದರೆ ಈ ಲೇಖನ ಸುಳ್ಳಾಗುತ್ತದೆ. ಅವಳೂ ಪುಟ ಬರೆದಿದ್ದಳು. ಕೆ.ಎ.ಎಸ್. ಮಾಡಬೇಕು ಅಂತ. ನನಗಿಂತ ಬುದ್ಧಿವಂತೆ. ಕೊನೆಯ ವರ್ಷ ಊರಿನ ಮಕ್ಕಳಿಗೆ ಮನೆಪಾಠ ಹೇಳಲು ಶುರುಮಾಡಿದಳು, ಖರ್ಚಿಗೆ ಆಗಲಿ ಅಂತ. ಆರು ತಿಂಗಳಲ್ಲಿ ಆ ಸಾಲು ಹೊಡೆದು ಹಾಕಿ ಬಿ.ಎಡ್. ಅಂತ ಬರೆದಳು. ಈಗ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಪಾಪ, ಆಸೆ ಕೈಬಿಟ್ಟಳು ಅಂತ ಕೆಲವರು ಈಗಲೂ ಹೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವಳು ಪಾಠ ಮಾಡುವುದನ್ನು ಅವರು ನೋಡಿಲ್ಲ.

ನಾನೀಗ ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೇನೆ. ಬೆಲ್ಲದ ಸ್ಯಾಂಪಲ್ಲೂ ಬರುತ್ತವೆ. ಹೈಡ್ರೋಸ್‌ನಿಂದ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ 70 ಪಿ.ಪಿ.ಎಂ., ಅಂದರೆ ಹತ್ತು ಲಕ್ಷ ಭಾಗದಲ್ಲಿ 70 ಭಾಗ, ಮೀರಬಾರದು ಅಂತ ನಿಯಮ. ಮೀರಿದ ಬೆಲ್ಲ ನೋಡಿದಾಗಲೆಲ್ಲ ಅಪ್ಪನ ಕೊಪ್ಪರಿಗೆ ಕಣ್ಣೆದುರು ಬರುತ್ತದೆ, ಹಾಗೇ ಪುಟದ ಆ ನಾಲ್ಕನೇ ಸಾಲು.

ಅಪ್ಪನ ಜೊತೆ ವರ್ಷಗಟ್ಟಲೆ ಮಾತಾಡಿದ್ದೇನೆ. "ಕರಿ ಬೆಲ್ಲ ಯಾರ್ ತಗತಾರವ್ವ? ಮಂಡಿಯವ್ರು ಬಣ್ಣ ನೋಡ್ತಾರೆ, ನಿನ್ ರಿಪೋರ್ಟ್ ನೋಡಲ್ಲ" ಅನ್ನುತ್ತಾರೆ. ಅವರ ಮಾತೂ ನಿಜ ಅಲ್ವಾ? ಬೆಲೆ ಕಡಿಮೆ ಸಿಗುತ್ತದೆ, ಕಬ್ಬಿಗೆ ಹಾಕಿದ ದುಡ್ಡು ವಾಪಸು ಬರಬೇಕು. ಕೆಲವು ವರ್ಷದಿಂದ ಒಂದು ಬದಲಾವಣೆ ಆಗಿದೆ. ವಾರಕ್ಕೆ ಒಂದು ಅಡುಗೆ, ಅಂದರೆ ಒಂದು ಕೊಪ್ಪರಿಗೆ ಪಾಕ, ಹೈಡ್ರೋಸ್ ಇಲ್ಲದೆ, ಬೆಂಡೆ ಲೋಳೆ ಹಾಕಿ ಇಳಿಸುತ್ತಾರೆ. ಮನೆಗೆ, ನೆಂಟರಿಗೆ, ಕೇಳಿಕೊಂಡು ಬರುವ ಹತ್ತಾರು ಮೈಸೂರಿನ ಮನೆಗಳಿಗೆ. ಮಿಕ್ಕದ್ದೆಲ್ಲ ಮೊದಲಿನ ಹಾಗೇ.

ಮೊನ್ನೆ ರೆಕಾರ್ಡ್ ತೆಗೆದುಕೊಂಡು ಆಲೆಮನೆಗೆ ಹೋಗಿ ಅಪ್ಪನಿಗೆ ಆ ಪುಟ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ನಾಲ್ಕನೇ ಸಾಲಿನ ಮುಂದೆ ಖಾಲಿ ಇದ್ದ ಜಾಗದ ಮೇಲೆ ಬೆರಳಿಟ್ಟು, "ಇಲ್ಲೇನ್ ಬರೀಬೇಕು?" ಅಂದರು. ತಾರೀಕು ಅಂದೆ. ಪಾಕ ಹದಕ್ಕೆ ಬರುತ್ತಿತ್ತು, ಎದ್ದು ಹೋದರು. ಇಳಿಸಿ, ಅಚ್ಚಿಗೆ ಹಾಕಿಸಿ, ಕೈ ತೊಳೆದುಕೊಂಡು ವಾಪಸು ಬಂದು, "ಬರೋ ಯುಗಾದಿಗೆ ಎರಡ್ ಅಡುಗೆ ಅಂತ ಬರ್ಕೊ" ಅಂದರು.