ಡೂಮ್ 3, ಒಂದು ಬ್ಯಾಟರಿ ಮತ್ತು ನಾಗಮಂಗಲದ ಮಾವ

ಮೊದಲ ದಿನ

2004ರಲ್ಲಿ ಆಡಲಾಗದೆ ಉಳಿದ ಡೂಮ್ 3 ಅನ್ನೋ ಕಂಪ್ಯೂಟರ್ ಗುಂಡಿನ ಆಟವನ್ನು ಈ ದಸರಾ ರಜದಲ್ಲಿ ಮುಗಿಸಿಯೇ ಬಿಡೋಣ ಅಂತ ಕೂತಿದ್ದೇನೆ. ಆಗ ಬನ್ನಿಮಂಟಪದ ನಮ್ಮ ಮನೆಯಲ್ಲಿ ಇದ್ದದ್ದು ಅಸೆಂಬಲ್ ಮಾಡಿಸಿದ ಕಂಪ್ಯೂಟರ್, 256 ಎಂಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲವೇ ಇಲ್ಲ. ಡೂಮ್ 3ಕ್ಕೆ ಕನಿಷ್ಠ 384 ಎಂಬಿ ರ‍್ಯಾಮ್, 64 ಎಂಬಿ ಕಾರ್ಡ್ ಬೇಕಿತ್ತು. ಅಪ್ಪನನ್ನು ಕೇಳಿದರೆ "ಪಿಯುಸಿ ಮುಗೀಲಿ" ಅಂದರು. ಪಿಯುಸಿ ಮುಗಿಯಿತು, ಕಾರ್ಡ್ ಬರಲಿಲ್ಲ.

ಈ ಆಟದ ಬಗ್ಗೆ ಆಗ ಎದ್ದ ಗದ್ದಲ ಈಗಿನವರಿಗೆ ಹೇಳಿದರೆ ನಂಬೋದು ಕಷ್ಟ. 2001ರಲ್ಲಿ ಟೋಕಿಯೊದ ಮ್ಯಾಕ್‌ವರ್ಲ್ಡ್ ಮೇಳದ ವೇದಿಕೆಯಲ್ಲಿ, ಆಟದ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಇದರ ತುಣುಕು ತೋರಿಸಿದ್ದು, ಆಟ ಬಂದದ್ದು 2004ರ ಆಗಸ್ಟಿನಲ್ಲಿ. ಅಷ್ಟು ವರ್ಷವೂ ಬರೀ ನೆರಳಿನ ಮಾತು. ಹಳೆಯ ಆಟಗಳಲ್ಲಿ ಬೆಳಕು ನೆರಳನ್ನೆಲ್ಲ ಮೊದಲೇ ಲೆಕ್ಕ ಹಾಕಿ ಗೋಡೆಗೆ ಬಳಿದಿಡುತ್ತಿದ್ದರು. ಇದರಲ್ಲಿ ಎಲ್ಲ ಲೆಕ್ಕವೂ ಆ ಕ್ಷಣಕ್ಕೇ ನಡೆಯುತ್ತದೆ. ದೀಪ ತೂಗಾಡಿದರೆ ನೆರಳೂ ತೂಗಾಡುತ್ತದೆ. ಆ ಚಿತ್ರಗಳನ್ನು ನೋಡಿ ನೋಡಿ ನಾನು ಆಡದೆಯೇ ಈ ಆಟದ ಭಕ್ತನಾಗಿದ್ದೆ.

ಕೂರಿಸುವ ಕೆಲಸ ಸುಲಭ. ಐಡಿ ಸಾಫ್ಟ್‌ವೇರ್ ಅನ್ನೋ ಇದರ ತಯಾರಕ ಕಂಪನಿ 2011ರಲ್ಲೇ ಇದರ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿದೆ, ಅದರಿಂದ ಹುಟ್ಟಿದ ಧ್ಯೂಮ್3 ಅನ್ನೋ ಪೋರ್ಟ್ (ಈಗಿನ ಕಂಪ್ಯೂಟರಿಗೆ ಹೊಂದಿಸಿದ ರೂಪ) ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಆರಾಮಾಗಿ ಓಡುತ್ತದೆ. ಮೂಲ ಆಟದ ಸರಕೆಲ್ಲ ಇರುವ ಪಿಕೆ4 ಫೈಲುಗಳನ್ನು ಬೇಸ್ ಫೋಲ್ಡರಿಗೆ ಹಾಕಿದರೆ ಆಯಿತು. 1.3.1 ಪ್ಯಾಚ್ ಹಾಕೋದು ಮರೆತು ಒಂದು ಗಂಟೆ ತಲೆ ಕೆಡಿಸಿಕೊಂಡೆ, ಅದು ನನ್ನದೇ ತಪ್ಪು.

ಮೂರನೇ ದಿನ

ಮೊದಲ ಅರ್ಧ ಗಂಟೆ ಚೆನ್ನಾಗಿದೆ. 2145ನೇ ಇಸವಿ, ಮಂಗಳ ಗ್ರಹ, ಯಾರೂ ಸರಿಯಾಗಿ ಮಾತಾಡಿಸದ ಹೊಸ ಸೈನಿಕ ನೀವು. ಗೋಡೆಯ ಮೇಲಿನ ಪರದೆಗಳ ಹತ್ತಿರ ಹೋದರೆ ಗುರಿಯ ಗುರುತೇ ಮೌಸ್ ಬಾಣ ಆಗುತ್ತದೆ, ಆಟ ನಿಲ್ಲಿಸದೆ ಅಲ್ಲೇ ಬಟನ್ ಒತ್ತಬಹುದು. ಇದು ಇವತ್ತಿಗೂ ಹೊಸದಾಗಿ ಕಾಣುತ್ತದೆ. ಸತ್ತವರ ಪಿಡಿಎ (ಅಂಗೈ ಕಂಪ್ಯೂಟರ್) ಎತ್ತಿಕೊಂಡು ಅವರ ಇಮೇಲ್ ಓದಿ ಲಾಕರ್ ನಂಬರ್ ಹುಡುಕೋದೂ ಇಷ್ಟವಾಯಿತು. ಒಂದು ಇಮೇಲಿನಲ್ಲಿ, ಬಂಡೆ ಒಡೆಯೋ ಯಂತ್ರ ಕೇಳಿದರೆ ಮರ ಕೊಯ್ಯೋ ಗರಗಸ ಕಳಿಸಿದ್ದಾರೆ ಅಂತ ಒಬ್ಬ ಗೋಳಾಡುತ್ತಾನೆ. ಮಂಗಳದಲ್ಲಿ ಮರ ಎಲ್ಲಿದೆ! ನಮಗೆ ಚೈನ್‌ಸಾ ಸಿಗೋದಕ್ಕೆ ಅದೇ ಕಾರಣ.

ಆಮೇಲೆ ಬೇಜಾರು ಶುರು. ಮೂಲೆಯಲ್ಲಿ ಒಂದು ಕವಚ ಬಿದ್ದಿರುತ್ತದೆ. ಎತ್ತಿಕೊಂಡ ತಕ್ಷಣ ದೀಪ ಆರುತ್ತದೆ, ಬೆನ್ನ ಹಿಂದೆ ಗೋಡೆ ತೆರೆಯುತ್ತದೆ, ಒಳಗಿಂದ ಇಂಪ್ ಅನ್ನೋ ದೆವ್ವ ಹಾರುತ್ತದೆ. ಮೊದಲ ಸಲ ಕುರ್ಚಿ ಬಿಟ್ಟು ಎದ್ದೆ. ಆರನೇ ಸಲ ಕವಚ ಎತ್ತುವ ಮೊದಲೇ ತಿರುಗಿ ನಿಂತು ಗೋಡೆಗೆ ಗುರಿ ಇಟ್ಟಿದ್ದೆ. ಶಾಟ್‌ಗನ್ ಗುಂಡುಗಳು ಎಷ್ಟು ಚೆದುರುತ್ತವೆ ಅಂದರೆ ಮೂತಿಗೆ ಮೂತಿ ತಗುಲುವಷ್ಟು ಹತ್ತಿರ ಹೋಗಬೇಕು, ನಾಲ್ಕು ಮಾರು ದೂರ ಇದ್ದರೆ ಸುಮ್ನೆ ಸದ್ದು ಅಷ್ಟೇ. ಕಾರಿಡಾರ್, ಬಾಗಿಲು, ಕತ್ತಲು, ಇಂಪ್. ಮತ್ತೆ ಕಾರಿಡಾರ್. ಇಷ್ಟಕ್ಕಾ ನಾನು ಕಾದಿದ್ದು?

ವಿಜಯದಶಮಿ

ನಾಗಮಂಗಲದಿಂದ ಮಾವ ಜಂಬೂಸವಾರಿ ನೋಡೋಕೆ ಬಂದಿದ್ದರು. ಸಂಜೆ ಕಾಲು ನೋವು ಅಂತ ಪಂಜಿನ ಕವಾಯತಿಗೆ ಹೋಗಲಿಲ್ಲ, ನನ್ನ ಹಿಂದೆ ಮಂಚದ ಮೇಲೆ ಕೂತು ಆಟ ನೋಡುತ್ತಿದ್ದರು.

ಈ ಆಟದ ಹೆಸರುವಾಸಿ ರಗಳೆ ಏನು ಅಂದರೆ ಬ್ಯಾಟರಿ ಹಿಡಿದರೆ ಬಂದೂಕು ಹಿಡಿಯೋ ಹಾಗಿಲ್ಲ. ಎಫ್ ಒತ್ತಿದರೆ ಬಂದೂಕು ಕೆಳಗೆ ಹೋಗಿ ಬ್ಯಾಟರಿ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಬಂದೂಕು, ಆದರೆ ಮುಂದೆ ಏನೂ ಕಾಣಲ್ಲ. ಮಾವ ಹತ್ತು ನಿಮಿಷ ನೋಡಿದರು.

"ಏನ್ಲಾ ಅಳಿಯ, ಬ್ಯಾಟ್ರಿ ಇಟ್ಕಂಡ್ರೆ ಕೋವಿ ಇಲ್ಲ, ಕೋವಿ ಇಟ್ಕಂಡ್ರೆ ಬ್ಯಾಟ್ರಿ ಇಲ್ವಾ? ಮಂಗಳಕ್ಕೆ ಕಳಿಸವ್ರೆ, ತಲೆಗೆ ಕಟ್ಕಳೋ ಲೈಟ್ ಕೊಡಕ್ಕಾಗ್ನಿಲ್ವಾ?"

ಅವರು ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದಾಗ ತೋಟಕ್ಕೆ ನೀರು ಕಟ್ಟೋಕೆ ಹೋಗುವವರು. ಮೊದಲೆಲ್ಲ ಬ್ಯಾಟರಿಯನ್ನು ಕಂಕುಳಲ್ಲಿ ಅವುಚಿಕೊಂಡೇ ಸನಿಕೆಯಲ್ಲಿ ಮಣ್ಣೆಳೆಯುತ್ತಿದ್ದರಂತೆ. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಟ ಮಾಡಿದವರ ಹತ್ತಿರವೂ ಇರಲಿಲ್ಲ ಅನ್ನಿಸುತ್ತೆ, 2012ರಲ್ಲಿ ಮತ್ತೆ ಬಿಟ್ಟ ಬಿಎಫ್‌ಜಿ ಎಡಿಷನ್‌ನಲ್ಲಿ ಬ್ಯಾಟರಿಯನ್ನು ಕವಚಕ್ಕೇ ಸಿಕ್ಕಿಸಿಬಿಟ್ಟರು. ಅದಕ್ಕೂ ಮೊದಲೇ ಅಭಿಮಾನಿಯೊಬ್ಬ ಡಕ್ಟ್ ಟೇಪ್ ಅನ್ನೋ ಮಾಡ್ (ಆಟವನ್ನು ಬದಲಿಸೋ ತುಣುಕು) ಮಾಡಿ ಬಂದೂಕಿಗೆ ಬ್ಯಾಟರಿ ಸುತ್ತಿದ್ದ.

ಅಷ್ಟರಲ್ಲಿ ಢಂ ಅಂತ ಸದ್ದು. ನಾನು ಬೆಚ್ಚಿ ಎಫ್ ಒತ್ತಿದೆ, ಬ್ಯಾಟರಿ ಬಂತು, ಅದರಲ್ಲೇ ಎದುರಿಗಿದ್ದ ಜೋಂಬಿಗೆ ಎರಡು ಬಾರಿಸಿದೆ (ಬಾರಿಸಬಹುದು, ನಿಜವಾಗಿ). ಮತ್ತೆ ಢಂ. ಆಟದ್ದಲ್ಲ. ಮೈದಾನದಲ್ಲಿ ಕುಶಾಲತೋಪು ಹಾರಿಸುತ್ತಿದ್ದರು. ಮಾವ ನಗೋದು ನಿಲ್ಲಿಸೋಕೆ ಐದು ನಿಮಿಷ ಬೇಕಾಯಿತು, ಅಷ್ಟರಲ್ಲಿ ಜೋಂಬಿ ನನ್ನನ್ನು ಮುಗಿಸಿತ್ತು.

ಎಂಟನೇ ದಿನ

ಮಾವನ ಮಾತು ಕೇಳಿ ಡಕ್ಟ್ ಟೇಪ್ ಹಾಕಿದೆ. ಹಳೇ ಸೇವ್ ಬಿಟ್ಟು ಆಲ್ಫಾ ಲ್ಯಾಬ್ಸ್ ಅನ್ನೋ ಹಂತವನ್ನು ಮೊದಲಿಂದ ಆಡಿದೆ. ಬೆಳಕೂ ಇದೆ, ಬಂದೂಕೂ ಇದೆ, ಎಲ್ಲ ಸಲೀಸು. ಮುಕ್ಕಾಲು ಗಂಟೆಗೆ ಆಕಳಿಕೆ ಬಂತು.

ಆಗ ಗೊತ್ತಾಯಿತು. ಎಲ್ಲರೂ ಬೈದ ಆ ರಗಳೆ ತೆಗೆದರೆ ಈ ಆಟದಲ್ಲಿ ಉಳಿಯೋದು ಗೋಡೆ ತೆರೆಯೋ ಇಂಪ್ ಮಾತ್ರ. ಮೊನ್ನೆ ಒಂದು ಕಡೆ ಕಂಬದ ಹಿಂದೆ ಏನೋ ಉಸಿರಾಡಿದ್ದು ಕೇಳಿಸಿತ್ತು. ಬ್ಯಾಟರಿ ಬಿಟ್ಟೆ, ಕಂಬದ ನೆರಳು ಗೋಡೆ ಮೇಲೆ ಉದ್ದಕ್ಕೆ ಜಾರಿತು, ಅದರ ಜೊತೆ ಇನ್ನೊಂದು ನೆರಳೂ ಜಾರಿತು. ಎಲ್ಲಿದೆ ಅಂತ ಗುರುತಿಟ್ಟುಕೊಂಡು, ಎಫ್ ಒತ್ತಿ, ಕತ್ತಲಿಗೆ ಗುಂಡು ಹೊಡೆದೆ. ಗುಂಡಿನ ಮಿಂಚಲ್ಲಿ ಅರೆಕ್ಷಣ ಅದರ ಮುಖ ಕಂಡಿತು, ಮತ್ತೆ ಕತ್ತಲು. ಬಿತ್ತೋ ಇಲ್ಲವೋ ಗೊತ್ತಿಲ್ಲ. ಅಷ್ಟು ವರ್ಷ ಹೊಗಳಿದ ನೆರಳಿಗೆ ಕೆಲಸ ಸಿಗೋದು ಆ ಒಂದೂವರೆ ಸೆಕೆಂಡಿನಲ್ಲಿ ಮಾತ್ರ. ಟೇಪ್ ಹಾಕಿದರೆ ಆ ಒಂದೂವರೆ ಸೆಕೆಂಡೂ ಇಲ್ಲ. ಆಟ ದೊಡ್ಡ ಆಟ ಏನಲ್ಲ, ಅದೇ ವರ್ಷ ಬಂದ ಹಾಫ್-ಲೈಫ್ 2 ಮುಂದೆ ಇಟ್ಟರೆ ಇದು ಒಂದೇ ರಾಗ ಬಾರಿಸುತ್ತದೆ. ಆದರೆ ಬೈಬೇಕಾದ್ದು ಬ್ಯಾಟರಿಯನ್ನಲ್ಲ, ಅಲ್ವಾ?

ಹತ್ತನೇ ದಿನ

ಟೇಪ್ ಕಿತ್ತೆ. ಡೆಲ್ಟಾ ಲ್ಯಾಬ್ಸ್ ಹಂತದ ಬಾಗಿಲಲ್ಲಿ ಸೇವ್ ಮಾಡಿದ್ದೇನೆ. ಶಾಟ್‌ಗನ್‌ನಲ್ಲಿ ಐದು ಗುಂಡು, ಆರೋಗ್ಯ 31. ಮಾವ ಬೆಳಿಗ್ಗೆ ಫೋನ್ ಮಾಡಿ ಮೊದಲು ಕೇಳಿದ್ದು, "ಅವ್ನು ಬ್ಯಾಟ್ರಿ ಕಟ್ಕಂಡ್ನಾ?" ಕಟ್ಟಿಕೊಂಡು ಬಿಚ್ಚಿದ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಓದಿದ್ದೆಲ್ಲ ದಂಡ ಕಣ್ಲಾ" ಅಂದು ಇಟ್ಟರು.