ಹೆಸರಿಲ್ಲದ ಬೂಟು

ನ್ಯೂಯಾರ್ಕ್ ರಾಜ್ಯದ ಆಲ್ಬನಿಯಿಂದ ಸಾರಟೋಗಾ ಯುದ್ಧಭೂಮಿಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಅಮೆರಿಕನ್ನರು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಜೊತೆ ಕಾದಾಡಿದ ಜಾಗ. ಇಳಿದರೆ ಬರೀ ಹುಲ್ಲು, ಇಳಿಜಾರು, ಮರ. "ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ?" ಅಂದರು ಅಪ್ಪ.

ಬೂಟು ಕಂಡ ಮೇಲೆ ಸುಮ್ಮನಾದರು. ಬೇಲಿಯೊಳಗೆ ಒಂದು ಬಿಳಿಚಿದ ಕಲ್ಲು. ಅದರ ಮೇಲೆ ಎಡಗಾಲಿನ ಬೂಟು, ಪಕ್ಕದಲ್ಲಿ ಫಿರಂಗಿ, ಜನರಲ್‌ನ ಭುಜಪಟ್ಟಿ. 1887ರಲ್ಲಿ ನಿಲ್ಲಿಸಿದ್ದು. ಅಮೆರಿಕದ ಸೈನ್ಯದ ಅತಿ ಪ್ರತಿಭಾವಂತ ಯೋಧ ಇಲ್ಲಿ ಗಾಯಗೊಂಡು ಮೇಜರ್ ಜನರಲ್ ಪದವಿ ಗಳಿಸಿದ ಅಂತ ಹಿಂದೆ ಕೆತ್ತಿದ್ದಾರೆ. ಹೆಸರು ಮಾತ್ರ ಇಲ್ಲ. ಆತ ಬೆನೆಡಿಕ್ಟ್ ಆರ್ನಾಲ್ಡ್, ಆಮೇಲೆ ಬ್ರಿಟಿಷರ ಕಡೆ ಸೇರಿದವನು.

ನಿಜ ಹೇಳಬೇಕಂದ್ರೆ ಕಲ್ಲಿನ ಬರಹವೇ ತಪ್ಪು. ಪದವಿ ಆಗಲೇ ಸಿಕ್ಕಿತ್ತು. ಸಿಗದೇ ಇದ್ದದ್ದು ಸೀನಿಯಾರಿಟಿ.

1777ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಐದು ಜನರಿಗೆ ಮೇಜರ್ ಜನರಲ್ ಬಡ್ತಿ ಕೊಟ್ಟಿತು. ಐವರೂ ಆರ್ನಾಲ್ಡ್‌ಗಿಂತ ಜೂನಿಯರ್. ಅವನ ರಾಜ್ಯ ಕನೆಕ್ಟಿಕಟ್‌ಗೆ ಆಗಲೇ ಇಬ್ಬರು ಮೇಜರ್ ಜನರಲ್‌ಗಳು ಇದ್ದರು, ಅದರ ಪಾಲು ಮುಗಿದಿತ್ತು. ಮೇ ತಿಂಗಳಲ್ಲಿ ಅವನಿಗೂ ಬಡ್ತಿ ಬಂತು. ಆದರೆ ಹಿಂದಿನ ತಾರೀಖಿನಿಂದ ಅಲ್ಲ. ಹಾಗಾಗಿ ಆ ಐವರ ಕೆಳಗೇ ಉಳಿದ. ಜುಲೈನಲ್ಲಿ ರಾಜೀನಾಮೆ ಬರೆದ, ಆದರೂ ಸೈನ್ಯ ಬಿಡಲಿಲ್ಲ.

"ರೆಟ್ರೊಸ್ಪೆಕ್ಟಿವ್ ಕೊಡಲಿಲ್ವಾ?" ಅಪ್ಪ ಬೇಲಿ ಹಿಡಿದು ನಿಂತರು. ಸರ್ಕಾರಿ ನೌಕರಿಯಲ್ಲಿ ಇದೇ ವಿಷಯಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದವರು ಅವರು.

ಒಬ್ಬನದೇ ಗೋಳಲ್ಲ ಇದು. ಜಾನ್ ಸ್ಟಾರ್ಕ್ ಅನ್ನೋ ಅಧಿಕಾರಿ ಕೂಡ ಆ ವರ್ಷ ಬಡ್ತಿ ತಪ್ಪಿ ಮನೆಗೆ ಹೋಗಿ ಕೂತಿದ್ದ. ಫ್ರೆಂಚ್ ಅಧಿಕಾರಿಯೊಬ್ಬ ತಮ್ಮ ತಲೆ ಮೇಲೆ ಬರ್ತಾನೆ ಅಂತ ಗ್ರೀನ್, ನಾಕ್ಸ್, ಸಲಿವನ್ ಮೂವರು ಜನರಲ್‌ಗಳೂ ರಾಜೀನಾಮೆಯ ಬೆದರಿಕೆ ಹಾಕಿದ್ದರು. ಮಂಗಗಳು ಬೀಜಕ್ಕೆ ಮುಗಿಬೀಳುವ ಹಾಗೆ ಇವರು ರ‍್ಯಾಂಕಿಗೆ ಕಿತ್ತಾಡ್ತಾರೆ ಅಂತ ಜಾನ್ ಆಡಮ್ಸ್ ಹೆಂಡತಿಗೆ ಬರೆದ. ಸಂಸತ್ತಿನಲ್ಲಿ ಕೂತವನಿಗೆ ಹಾಗೆ ಅನ್ನೋದು ಸುಲಭ ಬಿಡಿ.

ಅಕ್ಟೋಬರ್ 7ರಂದು, ಇಲ್ಲಿ ಯುದ್ಧ ನಡೆದ ದಿನ, ಆರ್ನಾಲ್ಡ್ ಕೈಯಲ್ಲಿ ಯಾವ ಪಡೆಯೂ ಇರಲಿಲ್ಲ. ತನ್ನ ಸೇನಾಪತಿ ಗೇಟ್ಸ್ ಜೊತೆ ಜಗಳವಾಡಿ ಕಳಕೊಂಡಿದ್ದ. ಆದರೂ ಕುದುರೆ ಹತ್ತಿ ನುಗ್ಗಿದ. ಹಿಂದೆ ಕ್ವಿಬೆಕ್ ಕಾಳಗದಲ್ಲಿ ಗುಂಡು ತಿಂದಿದ್ದ ಎಡಗಾಲಿಗೇ ಮತ್ತೆ ಗುಂಡು ಬಿತ್ತು. ಯುದ್ಧ ಗೆದ್ದ ಮೇಲೆ ಸೀನಿಯಾರಿಟಿ ಸಿಕ್ಕಿತು.

ಸಂಜೆ ಹತ್ತಿರದ ಸಾರಟೋಗಾ ಸ್ಮಾರಕಕ್ಕೆ ಹೋದೆವು. 155 ಅಡಿಯ ಕಂಬ. ಮಂಡಿನೋವು ಅಂತ ಅಪ್ಪ ಮೆಟ್ಟಿಲು ಹತ್ತಲಿಲ್ಲ, ಸುತ್ತು ಹಾಕಿದರು. ಮೂರು ಕಡೆ ಗೂಡುಗಳಲ್ಲಿ ಸೇನಾನಿಗಳ ಪ್ರತಿಮೆ: ಗೇಟ್ಸ್, ಸ್ಕೈಲರ್, ಮಾರ್ಗನ್. ನಾಲ್ಕನೇ ಗೂಡು, ಆರ್ನಾಲ್ಡ್‌ನದು, ಖಾಲಿ.

"ಬ್ರಿಟಿಷರು ಏನು ಪೋಸ್ಟ್ ಕೊಟ್ರೋ ಅವನಿಗೆ?"

"ಬ್ರಿಗೇಡಿಯರ್ ಜನರಲ್, ಅಪ್ಪಾ."

"ಅಯ್ಯೋ, ಡಿಮೋಷನ್ ಆಯ್ತಲ್ಲೋ!"